ನಡುವಿನ ನಾಲ್ಕು ದಿನ

ಮೂಳೆ ಹೊರಗೆ ಬಂದಿತ್ತು. ಬೆಳ್ಳಗಿತ್ತು. ನನ್ನ ಗಂಡನ ಮೈಯಲ್ಲಿ ಅಷ್ಟು ಬೆಳ್ಳಗಿರುವುದು ಏನಾದರೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಊರಬಾಗಿಲ ಹೊರಗೆ, ಗೋಡೆಯ ನೆರಳಿನಲ್ಲಿ, ಕತ್ತೆಯ ಬೆನ್ನಿಗೆ ಹಾಸುವ ಚಾಪೆಯ ಮೇಲೆ ಅವನನ್ನು ಮಲಗಿಸಿದ್ದರು. ಅವನ ಜೊತೆಗೆ ನೀರು ಹೊರುವ ಮುದುಕ ಪೆಸುರ್ ಅವನ ಮೊಣಕಾಲು ಹಿಡಿದುಕೊಂಡಿದ್ದ. ಎರಡು ಹೂಜಿ ಒಡೆದಿದ್ದವು. ನೀರನ್ನು ಮರಳು ಆಗಲೇ ಕುಡಿದಿತ್ತು. ಕತ್ತೆಗೆ ಏನೂ ಆಗಿರಲಿಲ್ಲ. ಅದು ಪಕ್ಕದಲ್ಲಿ ನಿಂತು ತನ್ನ ಹೊರೆಯ ಹುಲ್ಲನ್ನೇ ಎಳೆದು ತಿನ್ನುತ್ತಿತ್ತು.

ನಮ್ಮ ಊರಿನಲ್ಲಿ ಬಾವಿಯಿಲ್ಲ. ದೊರೆಯ ಗೋರಿ ಕೊರೆಯುವವರು ಬೆಟ್ಟದ ಬಗಲಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ನೀರು ನದಿಯಿಂದ ಬರಬೇಕು. ನನ್ನ ಗಂಡ ಕೆನೆರ್ ದಿನಕ್ಕೆ ಮೂರು ಸಲ ಹತ್ತುತ್ತಿದ್ದ. ಅವತ್ತು ನಾಲ್ಕನೆಯ ಸಲ. ಮಾರನೆಯ ದಿನ ಹಬ್ಬ, ಹೆಂಡ ಹಾಕಬೇಕು, ಇನ್ನೊಂದು ಸಲ ತಂದುಬಿಡು ಎಂದು ವೈದ್ಯ ಹೋರ್ಮಿನನ ಹೆಂಡತಿ ಹೇಳಿ ಕಳಿಸಿದ್ದಳು. ಬಿಸಿಲು ನೆತ್ತಿಯ ಮೇಲಿತ್ತು. ಕಲ್ಲು ಜಾರಿತು. ಕತ್ತೆ ಅವನ ಕಾಲಿನ ಮೇಲೆ ಬಿದ್ದು ಎದ್ದಿತು.

ನಾನು ಓಡಿ ಬಂದದ್ದು ಅದೇ ಹೋರ್ಮಿನನ ಮನೆಯಿಂದ. ಮೊಣಕೈವರೆಗೆ ಹಿಟ್ಟಿತ್ತು. ಅವನು ಹೊತ್ತು ತರುತ್ತಿದ್ದ ನೀರಿಗೆ ಬೇಕಾದ ಬಾರ್ಲಿಯನ್ನು ನಾನು ಅರೆಯುತ್ತಿದ್ದೆ.

ನನ್ನ ದಿನಗಳು ನನ್ನವಲ್ಲ. ನಾನು ದೊರೆಯ ಸೊತ್ತು. ದೊರೆ ನನ್ನನ್ನು ತನ್ನ ಗೋರಿ ಕೊರೆಯುವವರಿಗೆ ಕೊಟ್ಟ. ಅವರು ನನ್ನನ್ನು ಹಂಚಿಕೊಂಡರು. ಹೆಂಗಸನ್ನು ಕೊಯ್ದು ಹಂಚಲು ಬರುವುದಿಲ್ಲ, ದಿನಗಳನ್ನು ಕೊಯ್ದರು. ಹತ್ತು ದಿನದಲ್ಲಿ ಒಂದನೆಯದು, ಆರನೆಯದು ವೈದ್ಯನ ಮನೆಗೆ. ಎರಡು, ಮೂರು ಮೇಸ್ತ್ರಿಯ ಮನೆಗೆ. ಹೀಗೆ. ಕಲ್ಲು ಕೊರೆಯುವ ಪೆನ್ನೂಬನ ಅಪ್ಪ ಸತ್ತಾಗ ನನ್ನ ಎಂಟನೆಯ ದಿನ ಅವನ ಇಬ್ಬರು ಮಕ್ಕಳಿಗೆ ಬಂತು. ಪೆನ್ನೂಬ್ ಬೆಳಗ್ಗೆ ತೆಗೆದುಕೊಂಡ. ತಮ್ಮ ಮಧ್ಯಾಹ್ನ ತೆಗೆದುಕೊಂಡ. ಜಗಳವಾಡಲಿಲ್ಲ, ಒಳ್ಳೆಯವರು. ಒಂಬತ್ತನೆಯ, ಹತ್ತನೆಯ ದಿನ ಗಂಡಸರಿಗೆ ರಜೆ. ಅವತ್ತು ಮನೆಯಲ್ಲೇ ಕೂತು ಉಣ್ಣುತ್ತಾರೆ, ಹಿಟ್ಟು ಜಾಸ್ತಿ ಬೇಕು.

ಬಾಗಿಲು ಕಾಯುವ ಖಾಯ್ ಕೋಲು ಅಡ್ಡ ಹಿಡಿದು ನಿಂತಿದ್ದ. ನೀರಿನವರು, ಸೌದೆಯವರು, ಮೀನಿನವರು ಆ ಕೋಲು ದಾಟುವ ಹಾಗಿಲ್ಲ. ಹೂಜಿ ಒಳಗೆ ಹೋಗುತ್ತದೆ, ಹೊತ್ತವನು ಹೋಗುವುದಿಲ್ಲ. ನಾನು ಹೋಗಬಹುದು, ಹಗಲು ಮಾತ್ರ.

ಹೋರ್ಮಿನ್ ಬಂದ. ಊಟ ಅರ್ಧಕ್ಕೆ ಬಿಟ್ಟು ಬಂದಿದ್ದ, ಅದನ್ನು ಹೇಳಬೇಕು. ಅವನು ಗೋರಿಯಲ್ಲಿ ಗಾರೆ ಹಚ್ಚುವವನು. ಮದ್ದು ಗೊತ್ತಿದ್ದರಿಂದ ಕೆಲಸದವರಿಗೆಲ್ಲ ಅವನೇ ವೈದ್ಯ. ಕುಕ್ಕರಗಾಲಲ್ಲಿ ಕೂತ. ಬಗ್ಗಿ ನೋಡಿದ. ಮೂಸಿದ. ಮುಟ್ಟಲಿಲ್ಲ. ವೈದ್ಯರು ಹೇಳುವ ಮಾತು ಮೂರೇ. ವಾಸಿ ಮಾಡುತ್ತೇನೆ. ಸೆಣಸಿ ನೋಡುತ್ತೇನೆ. ಇದು ಕೈ ಹಾಕುವ ಕಾಯಿಲೆಯಲ್ಲ. ಮೂರರಲ್ಲಿ ಒಂದನ್ನು ಹೇಳಿದ ಮೇಲೆ ಮತ್ತೆ ಬದಲಿಸುವುದಿಲ್ಲ.

ಅವನು ಮೂರನೆಯದನ್ನು ಹೇಳಿದ.

"ಮುಟ್ಟಿ ನೋಡಿ ಸ್ವಾಮಿ," ಎಂದ ಪೆಸುರ್.

"ನೋಡಿದ್ನಲ್ಲ."

"ನೋಡಿದ್ರಿ. ಮುಟ್ಲಿಲ್ಲ."

"ಏ ನೀರಿನವ್ನೇ," ಖಾಯ್ ಕೋಲು ನೆಲಕ್ಕೆ ಕುಟ್ಟಿದ, "ವೈದ್ಯರಿಗೇ ಪಾಠ ಹೇಳ್ತೀಯಾ? ಮೊದ್ಲು ನಿನ್ ಕತ್ತೆಗೆ ನಡೆಯೋದು ಹೇಳ್ಕೊಡು."

"ಕತ್ತೆಗೆ ಎಲ್ಲಾ ಬರುತ್ತೆ ಕಣಣ್ಣ," ಮಲಗಿದ್ದ ಕೆನೆರ್ ಹಲ್ಲು ಕಚ್ಚಿಕೊಂಡೇ ಅಂದ. "ಬಿದ್ದು ಎದ್ದು ನಿಂತಿದೆ ನೋಡು. ಬರದೆ ಇರೋದು ನಂಗೆ."

ಸುತ್ತ ನಿಂತಿದ್ದವರಲ್ಲಿ ಇಬ್ಬರು ನಕ್ಕರು. ಹೋರ್ಮಿನ್ ಏಳಲು ಹೊರಟ. ನಾನು ಅವನ ಎದುರಿಗೆ ಹೋಗಿ ನಿಂತೆ.

"ಪೆನ್ನೂಬಣ್ಣನ ಕಾಲೂ ಹಿಂಗೇ ಇತ್ತು."

"ಏನು?"

"ಹೋದ ವರ್ಷ. ನೆರೆ ಇಳಿದ ಮೇಲೆ. ಬಂಡೆ ಉರುಳಿತ್ತು. ನಿಮ್ಮ ಅಂಗಳಕ್ಕೇ ಹೊತ್ಕೊಂಡು ಬಂದ್ರು. ನಾನು ಅಲ್ಲೇ ಅರೀತಿದ್ದೆ. ಮೂಳೆ ಹೊರಗೆ ಬಂದಿತ್ತು, ಇಷ್ಟೇ, ಇದೇ ಕಡೆ. ಸೆಣಸಿ ನೋಡ್ತೀನಿ ಅಂದ್ರಿ ನೀವು."

"ಅದು ಬೇರೆ ಥರ ಮುರಿದಿತ್ತು."

"ಏನು ಬೇರೆ?"

ಅವನು ಸುತ್ತ ನೋಡಿದ. ದನಿ ತಗ್ಗಿಸಿದ. "ನೋಡು ತಗೆಮಿ. ಜೇನು ದೊರೆಯ ಉಗ್ರಾಣದ್ದು. ನಾರುಬಟ್ಟೆ, ಕೊಬ್ಬು, ಎಲ್ಲಾ ಅಲ್ಲಿಂದ್ಲೇ ಬರೋದು. ಗೋರಿ ಕೊರೆಯೋರಿಗೆ ಅಂತ ಬರೋದು. ಯಾರ ಕಾಲಿಗೆ ಹಾಕಿದೆ ಅಂತ ನಾಳೆ ಕೇಳಿದ್ರೆ ನಾನೇನು ಹೇಳ್ಲಿ?"

"ನೀರು ಹೊತ್ತೋನ ಕಾಲಿಗೆ ಅನ್ನಿ."

ಖಾಯ್ ಜೋರಾಗಿ ನಕ್ಕ. ಹೋರ್ಮಿನ್ ನಗಲಿಲ್ಲ. ಎದ್ದ, ಮೊಣಕಾಲಿನ ಧೂಳು ಕೊಡವಿದ, ಒಳಗೆ ಹೋದ.

ಬಾಗಿಲ ಒಳಗಿಂದ ಅವನ ಹೆಂಡತಿ ಕೂಗಿದಳು. "ತಗೆಮೀ, ಬಾರ್ಲಿ ಅರ್ಧಕ್ಕೇ ಬಿಟ್ಟಿದ್ದೀಯಲ್ಲೇ."

ನಾನು ಹೋದೆ. ಮುಗಿಸಿದೆ. ಇದನ್ನು ಬರೆದವರು ಯಾರೂ ಇರಲಾರರು, ಅದಕ್ಕೇ ಹೇಳುತ್ತಿದ್ದೇನೆ. ಗಂಡನ ಮೂಳೆ ನೋಡಿ ಬಂದು, ಮಂಡಿಯೂರಿ, ಕಾಲ್ಬೆರಳು ಮಡಚಿ, ಎರಡು ಕೈಯಲ್ಲಿ ಕಲ್ಲು ಹಿಡಿದು, ಮುಂದೆ ತಳ್ಳಿ ಹಿಂದೆ ಎಳೆದು, ಹಬ್ಬದ ಹೆಂಡಕ್ಕೆ ಬಾರ್ಲಿ ಅರೆದೆ. ನುಣ್ಣಗೆ ಅರೆದೆ. ತರಿ ಇದ್ದರೆ ಅವಳು ವಾಪಸು ಅರೆಸುತ್ತಾಳೆ.

ಅರೆಯುತ್ತಾ ನೆನಪು ಮಾಡಿಕೊಂಡೆ. ಪೆನ್ನೂಬನಿಗೆ ಏನು ಮಾಡಿದ್ದರು? ನಾಲ್ಕು ಜನ ಹಿಡಿದರು. ಹೋರ್ಮಿನ್ ಕಾಲು ಎಳೆದ. ಮೂಳೆ ಒಳಗೆ ಹೋಯಿತು. ಆಗ ತಾನೇ ಕೊಯ್ದ ಮಾಂಸ, ಇನ್ನೂ ಬಿಸಿಯಿದ್ದದ್ದು, ಗಾಯದ ಮೇಲಿಟ್ಟು ಕಟ್ಟಿದ. ಎರಡು ಕಡೆ ದಬ್ಬೆ ಕಟ್ಟಿದ. ಅದು ಮೊದಲನೆಯ ದಿನ. ನಾನು ಮತ್ತೆ ಆ ಮನೆಗೆ ಹೋದದ್ದು ಆರನೆಯ ದಿನ. ಅವತ್ತು ಗಾಯದ ಮೇಲೆ ಜೇನು, ಕೊಬ್ಬು, ನಾರಿನ ಚಿಂದಿ ಇತ್ತು. ಗಾಯ ದಾಳಿಂಬೆಯ ಒಳಗಿನ ಹಾಗೆ ಕೆಂಪಗಿತ್ತು. ಹೋರ್ಮಿನ್ ಅದನ್ನು ನೋಡಿ ಸಂತೋಷಪಟ್ಟಿದ್ದ.

ನಾನು ನೋಡಿದ್ದು ಈ ಎರಡು ದಿನ. ಮೊದಲನೆಯ ದಿನ ಮಾಂಸ. ಆರನೆಯ ದಿನ ಜೇನು. ನಡುವೆ ನಾಲ್ಕು ದಿನ ಇತ್ತು. ಆ ನಾಲ್ಕು ದಿನ ನಾನು ಬೇರೆ ಮನೆಗಳಲ್ಲಿ ಅರೆಯುತ್ತಿದ್ದೆ.

ಸಂಜೆ ನೀರಿನವರ ಗುಡಿಸಲಿಗೆ ಇಳಿದೆ. ನಮ್ಮ ಗುಡಿಸಲುಗಳು ಗೋಡೆಯ ಕೆಳಗೆ, ಕಸ ಸುರಿಯುವ ಹಳ್ಳದ ಆಚೆ. ಕೆನೆರನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಎಳೀತೀವಿ," ಅಂದೆ.

"ಎಳೀರಿ. ಆದ್ರೆ ಕತ್ತೆ ಕೈಲಿ ಎಳೆಸ್ಬೇಡಿ, ಅದಕ್ಕೆ ನನ್ ಮೇಲೆ ಸಿಟ್ಟಿದೆ."

ಪೆಸುರ್ ಭುಜ ಹಿಡಿದ. ಸೌದೆಯವರು ಇಬ್ಬರು ಸೊಂಟ ಹಿಡಿದರು. ಕಾಲು ಎಳೆದದ್ದು ನಾನು. ಇಪ್ಪತ್ತು ವರ್ಷ ಕಲ್ಲು ತಳ್ಳಿದ ಕೈ. ಅವನು ಕಿರುಚಿದ್ದು ಮೇಲೆ ಗೋಡೆಯ ಒಳಗೂ ಕೇಳಿಸಿರಬೇಕು. ಮೂಳೆ ಒಳಗೆ ಹೋಯಿತು. ಪೆಸುರ್ ಹತ್ತಿರ ಒಂದು ಮೇಕೆಮರಿ ಇತ್ತು, ಅದೊಂದೇ. ಅವನು ಹಿಂದೆ ಹೋಗಿ ಅದನ್ನು ಕೊಯ್ದ. ತೊಡೆಯ ಮಾಂಸ ಬಿಸಿಯಾಗಿಯೇ ತಂದ. ನಾನು ಗಾಯದ ಮೇಲಿಟ್ಟೆ. ನನ್ನ ಹತ್ತಿರವಿದ್ದ ಒಂದೇ ಒಂದು ನಾರುಬಟ್ಟೆಯನ್ನು ಹರಿದು ಸುತ್ತಿದೆ. ಖರ್ಜೂರದ ಗರಿಯ ದಿಂಡು ಸೀಳಿ ದಬ್ಬೆ ಕಟ್ಟಿದೆ. ಬಿಗಿಯಾಗಿ ಕಟ್ಟಿದೆ. ಹೋರ್ಮಿನ್ ಕಟ್ಟಿದ ಹಾಗೆಯೇ ಕಟ್ಟಿದೆ, ಗಂಟು ಕೂಡ ಅದೇ ಮಗ್ಗುಲಿಗೆ.

ಉಳಿದ ಮಾಂಸ ಬೇಯಿಸಿ ಎಲ್ಲರೂ ತಿಂದೆವು. ಕೆನೆರ್ ಎರಡು ತುಂಡು ತಿಂದ.

ಎರಡನೆಯ ದಿನ ಹಬ್ಬ. ಮೇಸ್ತ್ರಿಯ ಮನೆಯಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಅರೆದೆ. ಮೂರನೆಯ ದಿನವೂ ಅಲ್ಲೇ. ಮೂರನೆಯ ದಿನ ಬೆಳಗ್ಗೆ ಅವನನ್ನು ನೋಡಿ ಹೊರಡುವಾಗ ವಾಸನೆ ಬಂದಿತ್ತು. ಆಗ ಅನುಮಾನ ಬಂತು. ಹೋರ್ಮಿನನ ಅಂಗಳದ ನೆನಪಿನಲ್ಲಿ ಈ ವಾಸನೆ ಇರಲಿಲ್ಲ.

ಕೆಲಸ ಮುಗಿಸಿ ಹೋರ್ಮಿನನ ಬಾಗಿಲಿಗೆ ಹೋದೆ.

"ಇವತ್ತು ನಿನ್ ದಿನ ಅಲ್ವಲ್ಲೇ," ಎಂದಳು ಅವನ ಹೆಂಡತಿ.

"ಒಂದ್ ಮಾತು ಕೇಳ್ಬೇಕು ಅಮ್ಮ. ಒಂದೇ ಮಾತು."

ಅವನು ಒಳಗಿಂದ ಬಂದ. ಹಬ್ಬದ ಹೆಂಡ ಇನ್ನೂ ಕಣ್ಣಲ್ಲಿತ್ತು.

"ಆ ಮಾಂಸ ಯಾವಾಗ ಬಿಚ್ಬೇಕು?" ಅಂದೆ.

ಅವನಿಗೆ ಅರ್ಥವಾಯಿತು. ನಾನೇ ಕಟ್ಟಿದ್ದೇನೆ ಎಂದು ಅರ್ಥವಾಯಿತು. ಮುಖ ಬಿಗಿಯಾಯಿತು.

"ನಾನು ಕೈ ಹಾಕಲ್ಲ ಅಂದಿದ್ದೀನಿ. ಅಂದ ಮೇಲೆ ಬಾಯೂ ಹಾಕೋ ಹಾಗಿಲ್ಲ."

"ದಿನ ಹೇಳಿ ಸಾಕು. ಬೆರಳಲ್ಲಿ ತೋರ್ಸಿ."

"ನಾನೊಂದು ಮಾತು ಹೇಳಿ ಅವನು ಸತ್ರೆ, ಆ ಸಾವು ನಂದಾಗುತ್ತೆ. ಹೋರ್ಮಿನ್ ಹೇಳ್ದ, ಸತ್ತ ಅಂತಾರೆ. ನಾಳೆ ಮೇಸ್ತ್ರಿ ನನ್ ಹತ್ರ ಬರ್ತಾನಾ?"

"ಹೇಳ್ದೆ ಸತ್ರೆ?"

"ಅವನ ಹಣೆಬರಹ."

ಹೆಂಡತಿ ಹಿಂದಿನಿಂದ ಅವನ ತೋಳು ಎಳೆದಳು. ಅವನು ಬಾಗಿಲ ಮೇಲಿನ ಬೆಟ್ಟದ ಕಡೆ ಕೈ ತೋರಿಸಿದ. ಶಿಖರದಲ್ಲಿ ನಮ್ಮ ದೇವಿಯಿದ್ದಾಳೆ, ಹೆಡೆಯೆತ್ತಿದವಳು. ಅವಳ ಹೆಸರಿನ ಅರ್ಥವೇ ಮೌನವನ್ನು ಪ್ರೀತಿಸುವವಳು ಎಂದು.

"ಅವಳಿಗೆ ಕೇಳಿಸ್ಬಾರ್ದು ಇದೆಲ್ಲ. ಸುಮ್ನೆ ಹೋಗು," ಎಂದ.

ಆ ದೇವಿ ಯಾವತ್ತೂ ನೀರು ಹೊರುವವರ ಪರವಾಗಿ ಮಾತಾಡಿದ್ದು ನಾನು ಕೇಳಿಲ್ಲ. ಮೌನ ಯಾರಿಗೆ ಅನುಕೂಲವೋ ಅವರೇ ಅವಳಿಗೆ ಆ ಹೆಸರಿಟ್ಟಿರಬೇಕು.

ಗುಡಿಸಲಿಗೆ ಬಂದು, ಬಿಚ್ಚಿಬಿಡೋಣವೇ ಎಂದುಕೊಂಡೆ. ಕೈ ಗಂಟಿನವರೆಗೆ ಹೋಯಿತು. ಬಿಚ್ಚಿದರೆ ಮೂಳೆ ಮತ್ತೆ ಹೊರಗೆ ಬಂದರೆ? ಪೆನ್ನೂಬನ ಕಾಲಿನ ಮೇಲೂ ಆರನೆಯ ದಿನದವರೆಗೆ ಮಾಂಸವೇ ಇದ್ದಿರಬಹುದು. ವಾಸನೆ ಅವರ ಮನೆಯ ಧೂಪದಲ್ಲಿ ಗೊತ್ತಾಗಿರಲಿಕ್ಕಿಲ್ಲ. ನಾನು ಕಂಡದ್ದನ್ನು ಬಿಟ್ಟು ಬೇರೆ ಏನನ್ನೂ ಮಾಡುವ ಧೈರ್ಯ ನನಗಿರಲಿಲ್ಲ. ಕಂಡದ್ದು ಎರಡೇ ದಿನ. ಆರರವರೆಗೆ ಕಾಯುವುದು ಎಂದು ತೀರ್ಮಾನಿಸಿದೆ. ಆ ತೀರ್ಮಾನ ನನ್ನದು. ಅದನ್ನು ಯಾರ ಮೇಲೂ ಹಾಕುವುದಿಲ್ಲ.

ನಾಲ್ಕನೆಯ ದಿನ ಸಂಜೆ ಹುನೆರೊ ಬಂದಳು. ಅವಳೂ ಅರೆಯುವವಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕ ಅನ್ನುತ್ತೇನೆ. ರಾತ್ರಿ ನಾವು ಮಲಗುವ ಅರೆಯುವ ಹೆಂಗಸರ ಗುಡಿಸಲಿನಲ್ಲಿ ನನ್ನ ಚಾಪೆಗೂ ಅವಳ ಚಾಪೆಗೂ ನಡುವೆ ಮೂರು ಗೇಣು. ಗಂಜಿ ತಂದಿದ್ದಳು. ಕಟ್ಟನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾರು ಕಟ್ಟಿದ್ದು?"

"ನಾನೇ."

"ವೈದ್ಯರ ಥರಾನೇ ಕಟ್ಟಿದ್ದೀಯ."

"ಹೂಂ. ಅವರನ್ನ ಕೇಳೋಕೂ ಹೋಗಿದ್ದೆ ನೆನ್ನೆ."

ಅವಳು ಬಾಯಿ ತೆರೆದಳು. ಮುಚ್ಚಿದಳು. "ಗಂಜಿ ಬಿಸಿ ಇರುವಾಗ್ಲೇ ಕುಡಿಸು," ಎಂದು ಹೋದಳು.

ನಮ್ಮಲ್ಲಿ ಒಂದು ಕಟ್ಟಳೆಯಿದೆ. ಯಾರೂ ವಿಧಿಸಿದ್ದಲ್ಲ, ನಾವೇ ಮಾಡಿಕೊಂಡದ್ದು. ಒಂದು ಮನೆಯಲ್ಲಿ ಕಂಡದ್ದನ್ನು ಇನ್ನೊಬ್ಬಳಿಗೆ ಹೇಳಬಾರದು. ನಾವು ಹತ್ತು ಮನೆಗೆ ಹೋಗುವವರು, ಹತ್ತು ಮನೆಯ ಗುಟ್ಟು ನಮ್ಮ ಕಿವಿಯಲ್ಲಿರುತ್ತದೆ. ನಾನು ಬಂದ ಹೊಸದರಲ್ಲಿ ಒಬ್ಬಳು ಮೇಸ್ತ್ರಿಯ ಮನೆಯ ಮಾತನ್ನು ಬಣ್ಣ ಬಳಿಯುವವನ ಮನೆಯಲ್ಲಿ ಆಡಿದಳು. ಬಾಗಿಲು ಕಾಯುವವರು ಅವಳಿಗೆ ನೂರು ಏಟು ಹೊಡೆದರು. ಅವಳು ಎದ್ದು ನಡೆಯಲಿಲ್ಲ. ಅಂದಿನಿಂದ ನಾವು ಗುಡಿಸಲಿನಲ್ಲಿ ಮಂಡಿನೋವಿನ ಮಾತಾಡುತ್ತೇವೆ, ಹೇನಿನ ಮಾತಾಡುತ್ತೇವೆ, ಖಾಯ್‌ನ ಹೊಟ್ಟೆಯ ಬಗ್ಗೆ ಹಾಡು ಕಟ್ಟಿ ಹಾಡುತ್ತೇವೆ. ಮನೆಗಳ ಮಾತಾಡುವುದಿಲ್ಲ.

ಆರನೆಯ ದಿನ ಬಂತು. ಹೋರ್ಮಿನನ ಮನೆಯ ದಿನ. ಕೆನೆರನ ಮೈ ಒಲೆಯ ಕಲ್ಲಿನ ಹಾಗೆ ಸುಡುತ್ತಿತ್ತು. ರಾತ್ರಿಯೆಲ್ಲ ನದಿಯ ದಾರಿಯ ಕಲ್ಲುಗಳ ಹೆಸರು ಹೇಳುತ್ತಿದ್ದ. ಅವನು ಕಲ್ಲುಗಳಿಗೆ ಹೆಸರಿಟ್ಟಿದ್ದ.

ಅವತ್ತು ಬೆಳಗ್ಗೆ ಗೋಧಿ ಅರೆದೆ. ಮಧ್ಯಾಹ್ನದ ಮೇಲೆ ಕಣ್ಣಿನ ಮದ್ದಿಗೆ ಹಸಿರು ಕಲ್ಲು ಅರೆದೆ. ಹೋರ್ಮಿನ್ ಎದುರಿಗೇ ಕೂತು ಜೇನು ಬೆರೆಸುತ್ತಿದ್ದ. ನಾನು ಕೇಳಲಿಲ್ಲ. ಅವನೂ ನೋಡಲಿಲ್ಲ. ಯಾರೋ ಕರೆದರು, ಅವನು ಹೊರಗೆ ಹೋದ. ಹೆಂಡತಿ ಮಾಳಿಗೆಯ ಮೇಲೆ ರೊಟ್ಟಿ ನೋಡಲು ಹತ್ತಿದ್ದಳು. ಜೇನಿನ ಗಡಿಗೆ ಬಾಯಿ ತೆರೆದಿತ್ತು.

ಹೋಗುವಾಗ ಖಾಯ್ ನಮ್ಮನ್ನು ತಡವಿ ನೋಡುತ್ತಾನೆ. ಕೂದಲು ಬಿಚ್ಚಿಸುತ್ತಾನೆ, ಸೊಂಟದ ಬಟ್ಟೆ ಕೊಡವಿಸುತ್ತಾನೆ, ಕಂಕುಳು ಎತ್ತಿಸುತ್ತಾನೆ. ಹಿಟ್ಟು ಕದಿಯುತ್ತೇವೆ ಎಂದು. ಎಲ್ಲಿ ಇಟ್ಟುಕೊಳ್ಳಲಿ?

ಒಂದು ಬಾಯಿ ತುಂಬಿಕೊಂಡೆ.

ಜೇನು ಬಾಯಲ್ಲಿ ಸುಮ್ಮನಿರುವುದಿಲ್ಲ. ನಾಲಿಗೆಯಲ್ಲಿ ನೀರೂರುತ್ತದೆ. ಗಂಟಲು ತಾನಾಗಿಯೇ ಎಳೆದುಕೊಳ್ಳಲು ನೋಡುತ್ತದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಗಂಟಲನ್ನು ಬಿಗಿ ಹಿಡಿದು ಬಾಗಿಲಿಗೆ ನಡೆದೆ.

"ಬಾರಮ್ಮ ತಗೆಮಿ. ಹೆಂಗಿದ್ದಾನೆ ನಿನ್ ಗಂಡ? ಓಡಾಡ್ತಿದ್ದಾನಾ?"

ತಲೆ ಅಲ್ಲಾಡಿಸಿದೆ.

"ಕೂದ್ಲು ಬಿಚ್ಚು."

ಬಿಚ್ಚಿದೆ.

"ಏನು, ಮಾತೇ ಇಲ್ಲ ಇವತ್ತು? ವೈದ್ಯರ ಮುಂದೆ ಅಷ್ಟುದ್ದ ನಾಲಿಗೆ ಇತ್ತಲ್ಲ. ಎಲ್ಲಿ ಹೋಯ್ತು?"

ಮೂಗಿನಲ್ಲಿ ಉಸಿರಾಡುತ್ತಾ ನಿಂತೆ. ಅವನು ಸೊಂಟ ತಡವಿದ. ಬೇಕಿದ್ದಕ್ಕಿಂತ ಜಾಸ್ತಿ ಹೊತ್ತು ತಡವಿದ. ಬೇರೆ ದಿನವಾದರೆ ಕೈ ಕಿತ್ತೆಸೆದು ಬೈಯುತ್ತಿದ್ದೆ. ಅದು ಅವನಿಗೂ ಗೊತ್ತು. ನಾನು ಬೈಯದೆ ಇದ್ದದ್ದು ಕಂಡು ಇನ್ನೂ ತಡವಿದ.

"ಹಿಂಗಿರ್ಬೇಕು ನೋಡು ಹೆಂಗ್ಸು. ಬಾಯಿ ಮುಚ್ಕೊಂಡು."

ಬಿಟ್ಟ. ಇಳಿಜಾರಿನಲ್ಲಿ ಓಡಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅಳುವುದಕ್ಕೆ ಬಾಯಿ ಬೇಕು, ಅಳಲಿಲ್ಲ.

ಗುಡಿಸಲಲ್ಲಿ ಪೆಸುರ್ ಬೀಸಣಿಗೆ ಬೀಸುತ್ತಾ ಕೂತಿದ್ದ. ನಾನು ಕೈಸನ್ನೆಯಲ್ಲೇ ಅವನಿಂದ ದಬ್ಬೆ ಬಿಚ್ಚಿಸಿದೆ. ಬಟ್ಟೆ ಬಿಚ್ಚಿದೆ. ಮಾಂಸ ಕಟ್ಟಿನ ಜೊತೆಗೇ ಬಂತು. ಅದರ ಜೊತೆ ಇನ್ನೂ ಏನೇನೋ ಬಂತು. ಹುಳುಗಳು ಮೇಕೆಯ ಮಾಂಸ ಯಾವುದು, ಮನುಷ್ಯನದು ಯಾವುದು ಎಂದು ನೋಡಿರಲಿಲ್ಲ. ಮೊಣಕಾಲಿನವರೆಗೆ ಕಪ್ಪಾಗಿತ್ತು. ಪೆಸುರ್ ಹೊರಗೆ ಹೋಗಿ ವಾಂತಿ ಮಾಡಿದ.

ಆದರೂ ನಾನು ಬಗ್ಗಿದೆ. ಬಾಯಿ ತೆರೆದು ಜೇನನ್ನು ಅದರ ಮೇಲೆ ಬಿಟ್ಟೆ. ಇನ್ನೇನು ಮಾಡಲಿ? ಆರನೆಯ ದಿನ ಜೇನು.

"ಏನೇ ಅದು?" ಎಂದ ಕೆನೆರ್. ಪ್ರಜ್ಞೆ ಬಂದಿತ್ತು.

"ಜೇನು. ಹೋರ್ಮಿನನ ಮನೇದು."

"ಕೊಟ್ಟನಾ?"

"ಹೂಂ. ಕೊಟ್ಟ."

"ಬಾಯಲ್ಲಿ ತಂದ್ಕೋ ಅಂತಾನೂ ಹೇಳಿದ್ನಾ?" ನಕ್ಕ. ನಗು ಕೆಮ್ಮಾಯಿತು. "ಕಾಲಿಗ್ ಹಾಕಿ ಹಾಳ್ ಮಾಡ್ಬೇಡ್ವೇ. ನಾನ್ ಇದುವರೆಗೂ ಜೇನು ತಿಂದಿಲ್ಲ. ಉಳಿದಿದ್ರೆ ಕೊಡು."

ನನ್ನ ಹಲ್ಲಿನ ಸಂದಿಯಲ್ಲಿ, ವಸಡಿನಲ್ಲಿ ಅಂಟಿದ್ದನ್ನು ಬೆರಳಲ್ಲಿ ತೆಗೆದು ಅವನ ನಾಲಿಗೆಗೆ ಸವರಿದೆ. ಅವನು ಕಣ್ಣು ಮುಚ್ಚಿದ.

"ಸಿಹಿ ಸ್ವಲ್ಪ ಜಾಸ್ತಿ ಆಯ್ತು," ಎಂದ.

ಎಂಟನೆಯ ದಿನ ಬೆಳಗ್ಗೆ ಪೆನ್ನೂಬನ ಮನೆಯಲ್ಲಿದ್ದೆ. ಅವನು ಕಣ್ಣುಬೇನೆಯೆಂದು ಕೆಲಸಕ್ಕೆ ಹೋಗದೆ ಮಲಗಿದ್ದ. ಹಾಗೆ ಮಲಗಬಹುದು ಅವರು. ಕಾಲು ಮುರಿದಾಗ ಐದು ತಿಂಗಳು ಮಲಗಿದ್ದ, ಕಾಳು ಮನೆಗೇ ಬಂತು. ಅರೆದದ್ದು ನಾನೇ. ಕಾಲಿನ ಕಲೆಯನ್ನು ಉಗುರಲ್ಲಿ ಕೆರೆಯುತ್ತಾ ಕೂತಿದ್ದ. ನಾನು ಕಲ್ಲು ನಿಲ್ಲಿಸಿ ಕೇಳಿದೆ.

"ಅಣ್ಣಾ, ನಿಮ್ ಕಾಲಿಗೆ ಕಟ್ಟಿದ್ ಮಾಂಸ ಯಾವಾಗ ಬಿಚ್ಚಿದ್ರು?"

"ಯಾವನಿಗ್ ಗೊತ್ತು? ಹೆಂಡ ಕುಡಿಸಿ ಕೆಡವಿದ್ರು. ಎಚ್ರ ಆದಾಗ ಕಾಲಿತ್ತು." ಕಾಲನ್ನು ಮುಂದೆ ಚಾಚಿ, "ಕಾಲಿದೆಯಲ್ಲ, ಅಷ್ಟೇ ಸಾಕು," ಎಂದ. ಕೆಟ್ಟವನಲ್ಲ.

ಮಧ್ಯಾಹ್ನ ಅವನ ಮನೆಯಿಂದ ತಮ್ಮನ ಮನೆಗೆ ಬೀದಿ ದಾಟುತ್ತಿದ್ದಾಗ ಖಾಯ್ ಕರೆದ.

"ಏ ತಗೆಮಿ. ಆ ಮುದುಕ ಬಂದಿದ್ದ. ನಿನ್ ಗಂಡ ಹೋದ್ನಂತೆ."

ನಾನು ಬಾಗಿಲ ಕಡೆ ತಿರುಗಿದೆ. ಅವನು ಕೋಲು ಅಡ್ಡ ಹಿಡಿದ.

"ಇರು. ಮಧ್ಯಾಹ್ನದ್ದು ಮುಗ್ಸು. ಇನ್ನೇನು ಅವ್ನು ಎಲ್ಲಿಗ್ ಹೋಗ್ತಾನೆ?"

ಹೋಗಿ ಅರೆದೆ. ಇದನ್ನೂ ಹೇಳಿಬಿಡುತ್ತೇನೆ. ಆವತ್ತೇ ಎದ್ದು ನಿಂತಿದ್ದೆ ಎಂದು ಹೇಳಿಕೊಳ್ಳಲು ಆಸೆಯಿದೆ. ನಿಲ್ಲಲಿಲ್ಲ. ಅರೆದೆ.

ಹಳ್ಳದ ಆಚೆ ಮರಳಿನಲ್ಲಿ ಹೂತೆವು. ಗೋರಿ ಕೊರೆಯುವವರ ಊರು, ನಮಗೆ ಗುಂಡಿ. ಚಾಪೆಯಲ್ಲಿ ಸುತ್ತಿದೆವು. ಎಲ್ಲರೂ ಹೋದ ಮೇಲೂ ಹುನೆರೊ ಹೋಗಲಿಲ್ಲ. ಮರಳನ್ನು ಕೈಯಲ್ಲಿ ಸಮ ಮಾಡುತ್ತಲೇ ಇದ್ದಳು, ಸಮವಾದ ಮೇಲೂ ಮಾಡುತ್ತಿದ್ದಳು.

"ಎರಡ್ನೇ ದಿನ," ಎಂದಳು.

"ಏನಕ್ಕಾ?"

"ಎರಡ್ನೇ ದಿನ ಬೆಳಗ್ಗೆನೇ ಬಿಚ್ಚಿದ್ರು ಕಣೇ. ಪೆನ್ನೂಬಂದು. ಎರಡ್ನೇ ದಿನ ಆ ಮನೆ ನಂದಲ್ವಾ? ಆ ಮಾಂಸನ ನಾನೇ ತಗೊಂಡ್ ಹೋಗಿ ನಾಯಿಗೆ ಹಾಕ್ದೆ. ಆಮೇಲೆ ದಿನಾ ಜೇನು. ದಿನಾ ಬಿಚ್ಚಿ ತೊಳೆದು ಜೇನು ಹಾಕ್ಬೇಕು ಅಂತ ವೈದ್ಯರು ಅಂದಿದ್ದು ನಾನೇ ಕೇಳ್ದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈ ತಾನಾಗಿ ಎದ್ದಿತು. ಅವಳ ಕೆನ್ನೆಗೆ ಹೊಡೆದೆ. ಮತ್ತೆ ಹೊಡೆದೆ. ಅವಳು ಮುಖ ತಪ್ಪಿಸಲಿಲ್ಲ.

"ನಾಲ್ಕ್‌ನೇ ದಿನ ಬಂದ್ಯಲ್ಲ. ನೋಡ್ದೆಯಲ್ಲ. ಯಾಕ್ ಹೇಳ್ಲಿಲ್ಲ?"

"ವೈದ್ಯರನ್ನ ಕೇಳಿದ್ದೀನಿ ಅಂದ್ಯಲ್ಲೇ. ಅವರೇ ಬೇರೆ ಏನೋ ಹೇಳಿರ್ಬೇಕು ಅಂದ್ಕೊಂಡೆ. ನಾನ್ಯಾರೇ ಹೇಳಕ್ಕೆ? ನಾನ್ ನೋಡಿದ್ದು ಒಂದು ದಿನ. ಮತ್ತೆ ಮನೆ ಮಾತು..." ಅವಳ ಮೂಗಿನಿಂದ ರಕ್ತ ಬರುತ್ತಿತ್ತು. "ನೀನಾದ್ರೂ ನನ್ನ ಕೇಳ್ಬೋದಿತ್ತಲ್ಲ."

ಕೇಳಬಹುದಿತ್ತು. ಮೂರು ಗೇಣು. ಕೈ ಚಾಚಿದರೆ ಅವಳ ಕೂದಲು ಸಿಗುತ್ತಿತ್ತು. ನಾನು ಹೋಗಿ ವೈದ್ಯನ ಹೊಸ್ತಿಲಲ್ಲಿ ಭಿಕ್ಷೆ ಬೇಡಿದೆ. ಪಕ್ಕದ ಚಾಪೆಯ ಮೇಲೆ ಮಲಗಿದವಳಿಗೆ ಗೊತ್ತಿರಬಹುದು ಎಂದು ನನಗೆ ತೋಚಲಿಲ್ಲ. ಅರೆಯುವವಳಿಗೆ ಏನಾದರೂ ಗೊತ್ತಿರುತ್ತದೆ ಎಂದು ನಾನೇ, ಅರೆಯುವವಳೇ, ನಂಬಿರಲಿಲ್ಲ.

ಎರಡನೆಯ ದಿನವೇ ಬಿಚ್ಚಿದ್ದರೆ ಅವನು ಬದುಕುತ್ತಿದ್ದನೇ? ಗೊತ್ತಿಲ್ಲ. ದಿನಾ ಹಾಕಲು ಜೇನು ಎಲ್ಲಿತ್ತು? ಒಂದು ಬಾಯಿ ಜೇನು ಎಷ್ಟು ದಿನ ಬರುತ್ತದೆ? ಗೊತ್ತಿಲ್ಲ. ಪೆನ್ನೂಬ್ ಕುಂಟುತ್ತಾನೆ. ಕೆನೆರ್ ಮರಳಿನಲ್ಲಿದ್ದಾನೆ. ಇಷ್ಟು ಗೊತ್ತು.

ಮುಂದಿನ ಹತ್ತು ದಿನದ ಸರದಿಯ ಮೊದಲನೆಯ ದಿನ ಹೋರ್ಮಿನನ ಮನೆಗೆ ಹೋದೆ. ಅಂಗಳದಲ್ಲಿ ಕಲ್ಲು, ಪಕ್ಕದಲ್ಲಿ ಗೋಧಿಯ ಬುಟ್ಟಿ. ಪೆನ್ನೂಬ್ ಕಣ್ಣಿಗೆ ಮದ್ದು ಹಾಕಿಸಿಕೊಳ್ಳಲು ಗೋಡೆಗೆ ಒರಗಿ ಕೂತಿದ್ದ. ನಾನು ಕಲ್ಲಿನ ಮುಂದೆ ನಿಂತೆ.

"ಕೂತ್ಕೋ," ಎಂದಳು ವೈದ್ಯನ ಹೆಂಡತಿ.

"ಕೂರಲ್ಲ."

"ಏನಂದೆ?"

"ಕೂರಲ್ಲ ಅಂದೆ."

ಅವಳು ನಕ್ಕಳು. ಕಲ್ಲು ಮಾತಾಡಿದ್ದರೂ ಹಾಗೇ ನಗುತ್ತಿದ್ದಳೇನೋ. ಗಂಡನನ್ನು ಕರೆದಳು. ಅವನು ಕೈಯಲ್ಲಿ ಮದ್ದಿನ ಚಿಪ್ಪು ಹಿಡಿದು ಬಂದ.

"ದುಃಖ ಇರುತ್ತೆ ತಗೆಮಿ. ಗೊತ್ತು. ಆದ್ರೆ ದಿನ ದಿನಾನೇ," ಎಂದ.

"ಎರಡ್ನೇ ದಿನ," ಅಂದೆ. "ಎರಡ್ನೇ ದಿನ ಬೆಳಗ್ಗೆ ಬಿಚ್ಬೇಕಿತ್ತು. ಅಷ್ಟೇ ಹೇಳ್ಬೇಕಿತ್ತು ನೀವು. ಬೆರಳಲ್ಲಿ ತೋರ್ಸಿ ಅಂದೆ. ಎರಡು ಬೆರಳು."

ಅವನ ಮುಖದ ಬಣ್ಣ ಹೋಯಿತು. ನಾಚಿಕೆ ಎಂದುಕೊಂಡೆ. ಒಂದು ಗಳಿಗೆ ಹಾಗೇ ನಂಬಿದೆ.

"ಯಾರು ಹೇಳಿದ್ರು ನಿಂಗೆ?" ಎಂದ.

ಅದೇ ಅವನ ಪ್ರಶ್ನೆ. ಸತ್ತವನ ಬಗ್ಗೆ ಅಲ್ಲ.

"ಯಾರು ಹೇಳಿದ್ದು? ಯಾವಳು? ನನ್ ಮನೇಲಿ ಕಂಡಿದ್ದನ್ನ ಹೊರಗೆ ಸಾಗಿಸ್ತಿರೋಳು ಯಾವಳು?"

ನಾನು ಹೆಸರು ಹೇಳಲಿಲ್ಲ.

ಖಾಯ್‌ನನ್ನು ಕರೆಸಿದರು. ಮೊದಲು ಬೆನ್ನಿಗೆ. "ಹೆಸರು ಹೇಳು. ಕೂತ್ಕೋ." ಆಮೇಲೆ ಕಾಲಿಗೆ, ಮಡಚಲಿ ಎಂದು. ನಾನು ಕಲ್ಲನ್ನು ತಬ್ಬಲಿಲ್ಲ, ಗೋಡೆಯನ್ನು ತಬ್ಬಿದೆ.

"ಕೂತ್ಕೊಳ್ಳೇ ತಾಯಿ," ಪೆನ್ನೂಬ್ ಕಣ್ಣು ಮುಚ್ಚಿಕೊಂಡೇ ಅಂದ, "ಯಾಕ್ ಹೊಡೆಸ್ಕೋತೀಯ? ಹೋಗ್ಲಿ ಬಿಡೋ ಖಾಯ್, ಸಾಕು." ಆದರೆ ಎದ್ದು ಬರಲಿಲ್ಲ. ಕಣ್ಣಲ್ಲಿ ಮದ್ದಿತ್ತು.

ಕೊನೆಯ ಏಟು ಬಲಗಿವಿಗೆ ಬಿತ್ತು. ಬೇಕಂತ ಹೊಡೆದನೋ, ನಾನು ತಿರುಗಿದೆನೋ. ಬಾವಿಯೊಳಗೆ ಬಿದ್ದ ಹಾಗೆ ಸದ್ದು. ಆಮೇಲೆ ಆ ಕಡೆ ಸದ್ದೇ ಇಲ್ಲ. ಬಿದ್ದೆ. ನನ್ನನ್ನು ಬಾಗಿಲ ಹೊರಗೆ ಎಳೆದು ಹಾಕಿದರು.

ಹೋರ್ಮಿನನ ಮನೆಗೆ ಅವತ್ತು ಹಿಟ್ಟು ಕಡಿಮೆಯಾಗಲಿಲ್ಲ. ಬೇರೆ ಮನೆಯಿಂದ ಹುನೆರೊಳನ್ನು ಕರೆಸಿ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಬೆಂದಿತ್ತಂತೆ. ನನ್ನ ದಿನಗಳನ್ನು ಏನು ಮಾಡಬೇಕೆಂದು ಮೇಸ್ತ್ರಿ ಬಂದ ಮೇಲೆ ತೀರ್ಮಾನಿಸುತ್ತಾರೆ. ಕಲ್ಲುಗಣಿಗೆ ಕಳಿಸುತ್ತಾರೆ ಎಂದು ಖಾಯ್ ಹೇಳಿದ್ದಾನೆ. ಅಲ್ಲಿಗೆ ಹೋದ ಹೆಂಗಸರು ವಾಪಸು ಬಂದದ್ದಿಲ್ಲ.

ಸಂಜೆ ಒಬ್ಬೊಬ್ಬರೇ ಗುಡಿಸಲಿಗೆ ಬಂದರು. ಯಾರೂ ನನ್ನನ್ನು ನೋಡಲಿಲ್ಲ. ನೋಡಿದರೆ ಮಾತಾಡಬೇಕಾಗುತ್ತದೆ. ಹುನೆರೊ ಕೊನೆಗೆ ಬಂದಳು. ಕೂದಲ ತುಂಬ ಹಿಟ್ಟು. ಕೆನ್ನೆಯ ಮೇಲೆ ನಾನು ಹೊಡೆದ ಗುರುತು ಇನ್ನೂ ಇತ್ತು. ತನ್ನ ಚಾಪೆಯ ಮೇಲೆ ಅಂಗಾತ ಮಲಗಿದಳು. ಆಮೇಲೆ ಸೂರಿಗೇ ಹೇಳುವ ಹಾಗೆ ಶುರುಮಾಡಿದಳು.

"ಇವತ್ತು ಹೋರ್ಮಿನನ ಮನೇಲಿ ಪೆನ್ನೂಬನ ಕಣ್ಣಿಗೆ ಮತ್ತೆ ಮದ್ದು ಮಾಡಿದ್ರು. ಅರೆದಿದ್ದು ನಾನು."

ಗುಡಿಸಲಿನಲ್ಲಿ ಹೇನು ಹೆಕ್ಕುತ್ತಿದ್ದವಳ ಕೈ ನಿಂತಿತು. ಯಾರೋ ಎದ್ದು ಬಾಗಿಲ ಚಾಪೆ ಎಳೆದರು.

"ಸುಮ್ನಿರಕ್ಕ," ಒಬ್ಬಳು ಪಿಸುಗುಟ್ಟಿದಳು. "ಸುಮ್ನಿರು, ನಿನ್ ಕಾಲಿಗ್ ಬೀಳ್ತೀನಿ."

"ಹಸಿರು ಕಲ್ಲು ಎರಡು ಪಾಲು," ಎಂದಳು ಹುನೆರೊ. "ಮೊದ್ಲು ನೀರಲ್ಲಿ ತೊಳೀತಾರೆ. ತೊಳೀದೆ ಅರೆಯಲ್ಲ."

ಇದರಿಂದ ಯಾರು ಬದುಕುತ್ತಾರೆ? ಹಸಿರು ಕಲ್ಲು ನಮ್ಮ ಹತ್ತಿರ ಇಲ್ಲ. ಜೇನಿಲ್ಲ. ಬಟ್ಟೆಯಿಲ್ಲ. ನಾನು ಇನ್ನೆಷ್ಟು ದಿನ ಇಲ್ಲಿರುತ್ತೇನೋ ಗೊತ್ತಿಲ್ಲ. ಕೆನೆರನಿಗಂತೂ ಇದು ಬೇಕಿಲ್ಲ.

"ನಾಡಿದ್ದು ಆ ಮನೆ ನಂದು," ಮೂಲೆಯಿಂದ ಯಾರೋ ಅಂದರು.

ಹುನೆರೊ ಮುಂದೇನೋ ಹೇಳುತ್ತಿದ್ದಳು. ತುಟಿ ಆಡುತ್ತಿತ್ತು, ನನಗೆ ಕೇಳಿಸಲಿಲ್ಲ. ಬಲಗಿವಿ ಅವಳ ಕಡೆಗಿತ್ತು. ಬೆನ್ನು ಅಲುಗಿಸಲು ಆಗುತ್ತಿರಲಿಲ್ಲ. ಹಲ್ಲು ಕಚ್ಚಿ, ಮೊಣಕೈ ಊರಿ, ಹೊರಳಿ, ಎಡಗಿವಿಯನ್ನು ಅವಳ ಕಡೆ ಮಾಡಿದೆ.